ನೆಲಮಾಳಿಗೆಯ ಪೂಸಣಿ

ಮನೆಯ ಮೇಲುಗಡೆ ಏನು ಕೆಟ್ಟರೂ ಊರಿಗೆಲ್ಲ ಕಾಣುತ್ತದೆ. ಹೆಂಚು ಒಡೆದರೆ ಎದುರು ಮನೆಯವರು ಹೇಳುತ್ತಾರೆ, ಗೋಡೆ ಬಿರುಕು ಬಿಟ್ಟರೆ ಹಾಲು ಹಾಕುವವಳು ಹೇಳುತ್ತಾಳೆ, ಜಗಲಿಯ ಕಂಬ ವಾಲಿದರೆ ಅದಕ್ಕೆ ಒರಗಿ ಕೂರುವ ದಾರಿಹೋಕರೇ ದೂರು ಕೊಡುತ್ತಾರೆ. ಮನೆಯ ಕೆಳಗಡೆ ಕೆಟ್ಟದ್ದು ಮಾತ್ರ ಮನೆಯವರ ಮೂಗಿಗಷ್ಟೇ ಗೊತ್ತು. ಈ ಮೂಗು ಎನ್ನುವುದು ಬಹಳ ಸಾಧು ಪ್ರಾಣಿ. ಮೊದಲ ದಿನ ಸಿಂಡರಿಸಿಕೊಳ್ಳುತ್ತದೆ, ಮಾರನೆಯ ದಿನ ಗೊಣಗುತ್ತದೆ, ಆಮೇಲೆ ಆ ವಾಸನೆಯನ್ನೇ ಮನೆಯ ಗುರುತು ಎಂದು ಒಪ್ಪಿಕೊಂಡು ಸುಮ್ಮನಾಗುತ್ತದೆ. ನಾನು ಹೀಗೆ ಮುಗ್ಗಲು ವಾಸನೆಯ ಮೇಲೆ ಹತ್ತು ವರ್ಷ ನೆಮ್ಮದಿಯಿಂದ ಸಂಸಾರ ಮಾಡಿದವನು. ಯಾರಾದರೂ ನೆಂಟರು ಬಂದು ಮೂಗಿಗೆ ಪಂಚೆಯ ತುದಿ ಹಿಡಿದರೆ, ಪಾಪ ಅವರಿಗೆ ನೆಗಡಿ ಎಂದುಕೊಳ್ಳುತ್ತಿದ್ದೆ.

ಮನೆ ನನ್ನದಲ್ಲ, ನನ್ನ ಹೆಂಡತಿ ಲಕ್ಷ್ಮೀದೇವಿಯದು. ಮಾವನವರಿಗೆ ಗಂಡುಮಕ್ಕಳಿರಲಿಲ್ಲ. ಹೊಸೂರು ಪೇಟೆಯ ಆ ಹಳೆಯ ಮನೆ ಮಗಳಿಗೆ ಬಂತು, ಮಗಳ ಹಿಂದೆ ನಾನು ಬಂದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನಗೆ ಕಚೇರಿಯೂ ಹತ್ತಿರ, ಮನೆಯೂ ಬಿಟ್ಟಿ. ಇನ್ನೇನು ಬೇಕು ಎಂದು ಹಿಗ್ಗಿದ್ದೆ. ನಡುಮನೆಯ ಮೂಲೆಯಲ್ಲಿ ಒಂದು ದಪ್ಪ ಹಲಗೆ. ಅದನ್ನೆತ್ತಿದರೆ ಕಲ್ಲಿನ ಮೆಟ್ಟಿಲು, ಮೆಟ್ಟಿಲಿಳಿದರೆ ನೆಲಮಾಳಿಗೆ. ಹಿಂದೆ ಯಾವುದೋ ಕಾಲದಲ್ಲಿ ದರೋಡೆಯ ಭಯಕ್ಕೆ ಕಟ್ಟಿಸಿದ್ದಂತೆ. ನಾನು ನೋಡಿದ ಮಟ್ಟಿಗೆ ಹೇಳುವುದಾದರೆ, ದರೋಡೆಕೋರರು ಬಂದಿದ್ದರೂ ಅರ್ಧ ಮೆಟ್ಟಿಲಿಳಿದು ಕ್ಷಮೆ ಕೇಳಿ ವಾಪಸು ಹೋಗುತ್ತಿದ್ದರು. ಅಲ್ಲಿ ಮಾವನವರ ಕರಿ ಕೋಟು, ಅವರ ತಂದೆಯ ಕುದುರೆಯ ಜೀನು, ಯಾರದೋ ಮದುವೆಯ ಛತ್ರಿ, ಹತ್ತಿಯ ಗಾದಿಗಳು, ಜಮಖಾನ, ಹುಣಸೆಹಣ್ಣಿನ ಮಡಕೆಗಳು, ಉಪ್ಪಿನಕಾಯಿಯ ಜಾಡಿಗಳು, ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು. ಗೋಡೆ ಮುಟ್ಟಿದರೆ ಕೈ ಒದ್ದೆ. ಕರಿ ಕೋಟು ಹಸಿರಾಗಿತ್ತು, ಕೆಂಪು ಜಮಖಾನ ಬೂದಿಯ ಬಣ್ಣಕ್ಕೆ ತಿರುಗಿತ್ತು, ಜೀನಿನ ಮೇಲೆ ಎಳೆಗರುವಿನ ಮೈಯಂತೆ ಬೆಳ್ಳಗೆ ನುಣ್ಣಗೆ ಬೂಷ್ಟು ಬೆಳೆದಿತ್ತು. ಎಸೆಯೋಣವೆಂದರೆ ಲಕ್ಷ್ಮೀದೇವಿ ಬಿಡಬೇಕಲ್ಲ. ಕೋಟು ಮುಟ್ಟಿದರೆ, "ಅದು ನಮ್ಮಪ್ಪಂದು." ಜೀನು ಮುಟ್ಟಿದರೆ, "ಅದು ನಮ್ಮ ತಾತಂದು." ಒಮ್ಮೆ ರೇಗಿ, "ಹಾಗಾದ್ರೆ ಈ ಬೂಷ್ಟು ಯಾರ್ದು?" ಎಂದೆ. ಅವಳು ಒಂದಿಷ್ಟೂ ಯೋಚಿಸದೆ, "ಅದು ನಿಮ್ದೇ. ನೀವು ಈ ಮನೆಗೆ ಬಂದ್ಮೇಲೇ ಅದೂ ಬಂದಿದ್ದು" ಎಂದಳು. ಹಲಗೆ ಮುಚ್ಚಿ ಕಚೇರಿಗೆ ಹೋದೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅವ್ವ ನಮ್ಮ ಮನೆಗೆ ಬಂದಳು. ಅವ್ವ ಇದ್ದದ್ದು ಗುಮ್ಮಳಾಪುರದಲ್ಲಿ, ಅಣ್ಣನ ಜತೆ, ಹೊಲ ಗದ್ದೆಗಳ ನಡುವೆ. ನಾನು ಚಿಕ್ಕವನು. ನಾಲ್ಕಕ್ಷರ ಕಲಿಯಲಿ ಎಂದು ನನ್ನನ್ನು ಎಳೆಯ ವಯಸ್ಸಿನಲ್ಲೇ ಕೃಷ್ಣಗಿರಿಯ ಚಿಕ್ಕಪ್ಪನ ಮನೆಗೆ ಕಳಿಸಿದ್ದರು. ಹಬ್ಬಕ್ಕೆ, ಬೇಸಗೆಯ ರಜಕ್ಕೆ ಊರಿಗೆ ಹೋಗುತ್ತಿದ್ದೆ. ಅವ್ವ ನನ್ನನ್ನು ನೆಂಟರ ಹುಡುಗನಂತೆ ಉಪಚರಿಸುತ್ತಿದ್ದಳು. ಅಣ್ಣನಿಗೆ ಬೈಗುಳ, ನನಗೆ ಹೋಳಿಗೆ. ಹೋಳಿಗೆ ತಿನ್ನುತ್ತ ಆ ಬೈಗುಳಕ್ಕೆ ನಾನು ಆಸೆಪಡುತ್ತಿದ್ದೆ ಎಂದರೆ ಯಾರೂ ನಂಬಲಾರರು. ಹೀಗಿರುವಾಗ ನನಗೆ ಮೂವತ್ತೈದು ದಾಟಿದ ಮೇಲೆ ಅವ್ವ ನನ್ನ ಮನೆಯಲ್ಲಿ ಬಂದು ನೆಲೆಸಿದ್ದರಿಂದ ಎಷ್ಟು ಸಂತೋಷವಾಯಿತೆಂದರೆ, ಮೊದಲ ವಾರ ಕಚೇರಿಯಿಂದ ಯಾವುದಾದರೊಂದು ನೆಪ ಹೇಳಿ ಮಧ್ಯಾಹ್ನವೇ ಮನೆಗೆ ಬರುತ್ತಿದ್ದೆ. ಅವ್ವನೂ ಬೈಯಲು ಶುರುಮಾಡಿದಳು. "ಅದ್ಯಾಕ್ಲಾ ಒಳ್ಳೆ ಕಳ್ಳನಂಗೆ ಹೊತ್ತಲ್ಲದ ಹೊತ್ನಾಗೆ ಮನೇಗೆ ಬತ್ತೀಯ?" ಎಂದಾಗ ನನಗೆ ಕಣ್ಣು ತುಂಬಿತು.

ಆ ಸುಖ ಮಳೆಗಾಲದವರೆಗೆ. ಆಕಾಶ ಮುಸುಕುತ್ತಿದ್ದಂತೆ ನೆಲಮಾಳಿಗೆಯ ವಾಸನೆ ಹಲಗೆಯ ಸಂದಿಯಿಂದ ಮೇಲೆ ಬಂತು, ಅವ್ವನಿಗೆ ಉಬ್ಬಸ ಹಿಡಿಯಿತು. ನಡುಮನೆಯಲ್ಲಿ ಮಲಗಿ ಎದ್ದರೆ ಮುಗಿಯಿತು, ಬೆಳಗ್ಗೆ ಎದೆಯೊಳಗೆ ತಿದಿ ಒತ್ತಿದ ಸದ್ದು. ಮಾತಿನ ನಡುವೆ ನಿಂತು ಉಸಿರು ಹುಡುಕುತ್ತಿದ್ದಳು. ಗುಮ್ಮಳಾಪುರದಲ್ಲಿ ಈ ಕಾಯಿಲೆ ಇರಲೇ ಇಲ್ಲ. ಒಂದು ದಿನ ಅವಳು ಮೆಲ್ಲಗೆ, "ಈ ಮನೆ ನಂಗೆ ಒಗ್ಗಾಕಿಲ್ಲ ಕಣ್ಲಾ ಚಿಕ್ಕೋನೆ. ದೀಪಾವಳಿ ಕಳೀಲಿ, ದೊಡ್ಡೋನು ಗಾಡಿ ತತ್ತಾನೆ, ನಾನು ಹೋಗ್ಬುಡ್ತೀನಿ. ಬೇಜಾರು ಮಾಡ್ಕಬ್ಯಾಡ" ಎಂದಳು. ನಾನು ಬೇಜಾರು ಮಾಡಿಕೊಂಡೆ. ಅಣ್ಣನ ಗಾಡಿ ಬರುವುದರೊಳಗೆ ನೆಲಮಾಳಿಗೆ ಒಣಗಬೇಕು, ಇಲ್ಲವೆ ಅವ್ವ ಹೊರಡಬೇಕು. ನನ್ನ ಬಾಳಿನಲ್ಲಿ ಇಷ್ಟು ಸ್ಪಷ್ಟವಾದ ಹುಕುಂ ಯಾವ ಕಚೇರಿಯಿಂದಲೂ ಬಂದಿರಲಿಲ್ಲ.

ಬೀದಿಯವರನ್ನು ಕೇಳಿದೆ. ಎಲ್ಲರೂ ಒಕ್ಕೊರಲಿನಿಂದ ಊರ ಕೆರೆಯನ್ನು ದೂರಿದರು. ಕೆರೆ ತುಂಬಿದರೆ ನೆಲದೊಳಗೆ ಒರತೆ ಏಳುತ್ತದೆ, ಪೇಟೆಯ ಮನೆಗಳ ಹಣೆಬರಹವೇ ಅಷ್ಟು, ಅದಕ್ಕೆ ನರಮನುಷ್ಯ ಏನೂ ಮಾಡುವಂತಿಲ್ಲ ಎಂದರು. ಈ ಕೊನೆಯ ಮಾತು ನನ್ನ ಸ್ವಭಾವಕ್ಕೆ ಬಹಳ ಹಿಡಿಸಿತು. ಆದರೂ ಸುಮ್ಮನಿರಲಾರದೆ, ಯಾರೋ ಹೇಳಿದರೆಂದು ನೆಲಮಾಳಿಗೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿದೆ. ಹೊಗೆ ಮೇಲಕ್ಕೆ ಬಂದು ಅವ್ವ ಇನ್ನಷ್ಟು ಕೆಮ್ಮಿದಳು. ಬೂಷ್ಟು ಮಾತ್ರ ಪೂಜೆ ಮಾಡಿಸಿಕೊಂಡ ದೇವರಂತೆ ಇನ್ನೂ ಕಳೆಕಳೆಯಾಗಿ ಕಂಡಿತು. ಕೊನೆಗೆ ಲಕ್ಷ್ಮೀದೇವಿ, "ಏನಂದ್ರೆ, ಗೋಡೆಗೆ ಮದ್ದು ಮಾಡಿದ್ದು ಸಾಕು. ಅತ್ತೇನ ಡಾಕ್ಟರ ಹತ್ರ ಕರ್ಕೊಂಡು ಹೋಗಿ" ಎಂದಳು.

ಊರಿಗೆ ಹೊಸ ಡಾಕ್ಟರು ಬಂದಿದ್ದರು. ತಂಜಾವೂರು ಕಡೆಯವರು, ಬೇಸಾಯಗಾರರ ಮನೆತನ, ಒಳ್ಳೆಯ ಮನುಷ್ಯ ಎಂದು ಹೆಸರಾಗಿತ್ತು. ಕನ್ನಡ ಒಂದಕ್ಷರ ಬಾರದು. ನನಗೆ ತಮಿಳು ಬರುತ್ತದಲ್ಲ ಎಂದು ಧೈರ್ಯವಾಗಿ ಹೊರಟೆ. ಇಲ್ಲಿ ನನ್ನ ತಮಿಳಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಸೀಮೆಯವರಿಗೆ ಮೂರು ಭಾಷೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸರ್ಕಾರದ ಮುಂದೆ ತಮಿಳು. ಕೆಲವು ಸಲ ಒಂದೇ ವಾಕ್ಯ ಮೂರು ಬೀದಿಯನ್ನೂ ಸುತ್ತಿಕೊಂಡು ಮನೆ ಸೇರುತ್ತದೆ. ನನ್ನದು ಶುದ್ಧ ಕಚೇರಿಯ ತಮಿಳು. ಪಟ್ಟಾ, ಮನು ಎನ್ನುವ ಅರ್ಜಿ, ಕಿಸ್ತು, ಜಪ್ತಿ ಇವುಗಳಲ್ಲಿ ನನ್ನನ್ನು ಸೋಲಿಸುವವರಿರಲಿಲ್ಲ. ಅಡುಗೆಮನೆ, ಹಿತ್ತಲು, ಕಾಯಿಪಲ್ಲೆ ಇವು ನನ್ನ ಕಡತಗಳಲ್ಲಿ ಬರುತ್ತಿರಲಿಲ್ಲ. ಜತೆಗೆ ನನ್ನದೇ ಒಂದು ಸಿದ್ಧಾಂತವಿತ್ತು. ಬರೆಯುವ ತಮಿಳಿಗೆ ಬಾಲ ಉದ್ದ, ಆ ಬಾಲ ಕತ್ತರಿಸಿದರೆ ಆಡುವ ತಮಿಳಾಗುತ್ತದೆ ಎಂಬುದು ಆ ಸಿದ್ಧಾಂತ. ಕೇಳುವವರು ದೊಡ್ಡ ಮನಸ್ಸಿನವರಾದ್ದರಿಂದ ಅದು ಅಷ್ಟು ವರ್ಷ ಬಾಳಿತ್ತು. ಗೋದಾಮಿನಲ್ಲಿ ಅಕ್ಕಿ ಕೆಟ್ಟ ಒಂದು ಪ್ರಕರಣದಲ್ಲಿ, ಬೂಷ್ಟಿಗೆ ತಮಿಳಿನಲ್ಲಿ ಪೂಸಣಂ ಎನ್ನುವುದನ್ನು ನೋಡಿದ್ದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅದರ ಬಾಲ ಕತ್ತರಿಸಿದೆ, ನಯವಾಗಿರಲಿ ಎಂದು ಕೊನೆಗೊಂದು ಇಕಾರ ಹಚ್ಚಿದೆ. ಪೂಸಣಿ ಆಯಿತು. ತಮಿಳಿನಲ್ಲಿ ಪೂಸಣಿ ಎಂದರೆ ಕುಂಬಳಕಾಯಿ. ಇದು ನಿಮಗೆ ಈಗಲೇ ಗೊತ್ತಾಯಿತು, ನನಗೆ ಬಹಳ ತಡವಾಗಿ ಗೊತ್ತಾಯಿತು.

ಡಾಕ್ಟರು ಅವ್ವನ ಎದೆಗೆ ಕೊಳವೆಯಿಟ್ಟು ಕೇಳಿ, ಒಂದು ಔಷಧ ಬರೆದು, ಮನೆ ಹೇಗಿದೆ, ಏನು ಊಟ ಎಂದೆಲ್ಲ ವಿಚಾರಿಸಿದರು. ತಮಿಳಿನಲ್ಲಿ ನಡೆದ ಆ ಮಾತುಕತೆಯನ್ನು ಕನ್ನಡದಲ್ಲೇ ಬರೆಯುತ್ತೇನೆ. ನಾನು, "ಸ್ವಾಮಿ, ಮನೆಯ ಕೆಳಗೆ ನೆಲಮಾಳಿಗೆಯಿದೆ. ಅದರ ತುಂಬ ಪೂಸಣಿ" ಎಂದೆ. "ಹೌದೇ? ತುಂಬವೇ?" ಎಂದು ಡಾಕ್ಟರು ಹುಬ್ಬೇರಿಸಿದರು. "ಮಳೆ ಬಂದರೆ ಸಾಕು, ಗೋಡೆಯ ಮೇಲೆಲ್ಲ ಹಬ್ಬಿಬಿಡುತ್ತದೆ." "ಯಾರು ಹಾಕಿದ್ದು?" "ಯಾರೂ ಹಾಕಲಿಲ್ಲ ಸ್ವಾಮಿ, ತಾನಾಗಿಯೇ ಬೆಳೆಯುತ್ತದೆ. ಬಿಸಿಲೂ ಬೇಡ." ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಎಂಥ ಮಣ್ಣಯ್ಯಾ ನಿಮ್ಮ ಊರಿನದು! ನಮ್ಮ ತಂದೆ ಗೊಬ್ಬರ ಹೊತ್ತು ಹೊತ್ತು ಸಾಯುತ್ತಿದ್ದರು" ಎಂದರು. ಬೂಷ್ಟಿಗೆ ಗೊಬ್ಬರ ಹಾಕುವ ತಂದೆ ಎಂಥವರಿರಬಹುದು ಎಂದು ನನಗೆ ಆಶ್ಚರ್ಯವಾಯಿತು. ದೊಡ್ಡವರ ಮನೆಯ ವಿಷಯ ಎಂದು ಕೇಳಲಿಲ್ಲ.

"ಆದರೆ ನೆಲದೊಳಗೆ ಯಾಕೆ ಇಟ್ಟಿದ್ದೀರಿ? ಮೊದಲು ಎಲ್ಲವನ್ನೂ ಮೇಲಕ್ಕೆ ತನ್ನಿ" ಎಂದು ಡಾಕ್ಟರು ಹುರುಪಿನಿಂದ ಶುರುಮಾಡಿದರು. ಅವರೊಳಗಿನ ರೈತ ಎದ್ದು ಕೂತಿದ್ದ. ಹಗ್ಗ ಕಟ್ಟಿ ಜಗಲಿಯಲ್ಲಿ ನೇತುಹಾಕಬೇಕು. ಒಂದಕ್ಕೊಂದು ತಗಲಬಾರದು. ಒದ್ದೆ ಬಟ್ಟೆ ಮುಟ್ಟಿಸದೆ ಒಣ ಬಟ್ಟೆಯಲ್ಲಿ ಒರೆಸಬೇಕು. ಇಟ್ಟಿದ್ದ ಕಡೆ ಎದುರುಬದುರಾಗಿ ಎರಡು ಕಂಡಿ ತೆಗೆದು ಗಾಳಿ ಆಡಿಸಬೇಕು, ನೆಲಕ್ಕೆ ಒಣಹುಲ್ಲು ಹಾಸಿ ಬೂದಿ ಚೆಲ್ಲಬೇಕು. ನೀರು ಎಲ್ಲಿಂದ ಬರುತ್ತದೆಂದು ನೋಡಿ ನಿಲ್ಲಿಸಬೇಕು, ಇಲ್ಲವಾದರೆ ಕೊಳೆತುಹೋಗುತ್ತದೆ. "ದೃಷ್ಟಿ ತಗಲದಿರಲಿ, ಒಂದನ್ನು ಬೀದಿ ಬಾಗಿಲಿನಲ್ಲಿ ಒಡೆದುಬಿಡಿ. ಅಮ್ಮನವರಿಗೆ ಮಾತ್ರ ಅದು ಬೇಡ, ಬಹಳ ಶೀತ. ನೀವು ತಿನ್ನಿ. ಮಜ್ಜಿಗೆಹುಳಿಗೆ ಅದರಂಥದ್ದು ಇನ್ನೊಂದಿಲ್ಲ" ಎಂದರು. ತಂಜಾವೂರಿನವರಿಗೆ ಹಾಸ್ಯ ಜಾಸ್ತಿ ಎಂದು ಕೇಳಿದ್ದೆ. ನಾನು ನಕ್ಕೆ, ಅವರೂ ನಕ್ಕರು. ಹೊರಡುವಾಗ, "ಚೆನ್ನಾಗಿ ಬಲಿತದ್ದು ಒಂದಿದ್ದರೆ ನಮ್ಮ ಮನೆಗೂ ತನ್ನಿ" ಎಂದರು. ನನಗೆ ತಟ್ಟನೆ ಹೊಳೆಯಿತು. ಬೂಷ್ಟಿನಿಂದ ಪೆನಿಸಿಲಿನ್ ಎಂಬ ಮದ್ದು ತೆಗೆದು ಸಾಯುವವರನ್ನು ಬದುಕಿಸುತ್ತಿದ್ದಾರೆಂದು ಪತ್ರಿಕೆಯಲ್ಲಿ ಓದಿದ್ದೆ. ನಮ್ಮ ಡಾಕ್ಟರೂ ಮನೆಯಲ್ಲಿ ಗುಟ್ಟಾಗಿ ಏನೋ ಸಂಶೋಧನೆ ನಡೆಸಿದ್ದಾರೆ! "ಅತಿ ಶ್ರೇಷ್ಠವಾದದ್ದನ್ನೇ ತರುತ್ತೇನೆ ಸ್ವಾಮಿ" ಎಂದು ಕೈಮುಗಿದೆ. ಅವ್ವ ಪಕ್ಕದಲ್ಲೇ ಕೂತು ಎಲ್ಲವನ್ನೂ ಕೇಳುತ್ತಿದ್ದಳು.

ಮಾರನೆಯ ಭಾನುವಾರ ಕೆಲಸಕ್ಕೆ ಇಳಿದೆ. ಬೂಷ್ಟನ್ನು ನೇತುಹಾಕುವುದು ಹೇಗೆ ಎಂದು ಮೊದಮೊದಲು ಗೊಂದಲವಾಯಿತು. ಆಮೇಲೆ, ಬೂಷ್ಟು ಹಿಡಿದ ಸಾಮಾನುಗಳನ್ನು ನೇತುಹಾಕಬೇಕೆಂದು ಅರ್ಥಮಾಡಿಕೊಂಡೆ. ಡಾಕ್ಟರ ಮಾತೆಂದ ಮೇಲೆ ಲಕ್ಷ್ಮೀದೇವಿಯೂ ಎದುರಾಡಲಿಲ್ಲ. ಎಸೆಯುವುದಿಲ್ಲವಲ್ಲ, ನೇತುಹಾಕುವುದು ತಾನೆ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಜಗಲಿಯ ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದು ಕೋಟು, ಜಮಖಾನ, ಗಾದಿ, ಛತ್ರಿ, ಜೀನು ಎಲ್ಲವನ್ನೂ ತೂಗುಹಾಕಿದೆವು. ಒಂದಕ್ಕೊಂದು ತಗಲದ ಹಾಗೆ ನಾನು ಮಧ್ಯೆ ಮಧ್ಯೆ ಗೇಣು ಹಾಕಿ ನೋಡಿದೆ. ಇನ್ನು ಬಾಗಿಲಲ್ಲಿ ಒಡೆಯುವುದು. ಬೂಷ್ಟು ಹಿಡಿದ ಸಾಮಾನುಗಳಲ್ಲಿ ಒಡೆಯುವಂಥದ್ದು ಉಪ್ಪಿನಕಾಯಿ ಜಾಡಿ ಮಾತ್ರ. ಲಕ್ಷ್ಮೀದೇವಿ ಒಳಗೆ ಹೋದ ಸಮಯ ನೋಡಿ, ಅವಳ ಅಜ್ಜಿಯ ಕಾಲದ ಜಾಡಿಯೊಂದನ್ನು ಎತ್ತಿ ಬೀದಿ ಬಾಗಿಲಿನಲ್ಲಿ ಕುಕ್ಕಿದೆ. ಸದ್ದು ಕೇಳಿ ಓಡಿಬಂದವಳು ಚೂರುಗಳನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ, "ಇದನ್ನೂ ಡಾಕ್ಟರೇ ಹೇಳಿದ್ರಾ?" ಎಂದಳು. ಹೌದೆಂದೆ. ಆ ದಿನ ಮಧ್ಯಾಹ್ನ ನನಗೆ ಉಪ್ಪಿನಕಾಯಿ ಬಡಿಸಲಿಲ್ಲ.

ಬೀದಿಯಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ತಾಲ್ಲೂಕು ಕಚೇರಿಯ ಗುಮಾಸ್ತನ ಮನೆಯ ಸಾಮಾನೆಲ್ಲ ಬೀದಿಗೆ ಬಂದಿದೆ ಎಂದರೆ ಜನ ಏನು ತಿಳಿಯುತ್ತಾರೆ? ಎದುರು ಮನೆಯ ಮುನಿವೆಂಕಟಪ್ಪನವರು ಮೆಲ್ಲಗೆ ಬಂದು, ಕೋಟಿನ ತೋಳು ಹಿಡಿದು ನೋಡಿ, "ಏನಪ್ಪಾ, ಜಪ್ತೀನಾ?" ಎಂದರು. ಅಲ್ಲ ಎಂದೆ. "ನಮ್ತಾವ ಮುಚ್ಚಿಡಬ್ಯಾಡಪ್ಪ. ಊರೋರ ಮನೇದೆಲ್ಲ ಜಪ್ತಿ ಬರಿಯೋ ಕೈ, ಒಂದ್ಸಲ ತನ್ಮನೇದೂ ಬರೀಬೇಕಾಯ್ತದೆ. ದೇವುಡು ಉನ್ನಾಡು" ಎಂದು ಕೊನೆಗೆ ತೆಲುಗಿನಲ್ಲಿ ದೇವರಿದ್ದಾನೆ ಎಂಬ ಸಮಾಧಾನ ಹೇಳಿ ಹೋದರು. ಕೆಲಮಂಗಲದಿಂದ ಬಂದಿದ್ದ ರೈತರೊಬ್ಬರು ಜೀನನ್ನು ಹರಾಜಿಗೆ ಯಾವಾಗ ಕೂಗುತ್ತಾರೆಂದು ಕೇಳಿದರು. ಸೋಮವಾರ ಕಚೇರಿಗೆ ಹೋದರೆ ನಮ್ಮ ದಫೇದಾರ ನನಗೆ ಎಂದೂ ಕೊಡದ ಸಲಾಮು ಕೊಟ್ಟು, ಕಷ್ಟ ಸುಖ ಮನುಷ್ಯನಿಗೆ ಬರುವುದೇ ಎಂದ. ನನ್ನ ಮಾನ ಹಗ್ಗದ ಮೇಲೆ ತೂಗಾಡುತ್ತಿತ್ತು. ಒಂದು ಮಾತನ್ನು ಒಪ್ಪಬೇಕು: ಎರಡೇ ದಿನದ ಗಾಳಿಗೆ ಕೋಟು ಮತ್ತೆ ಕರಿದಾಗುತ್ತ ಬಂತು.

ಕಂಡಿ ತೆಗೆಯುವ ಕೆಲಸ ಇನ್ನೂ ಉಳಿದಿತ್ತು. ಬೀದಿಯ ಕಡೆಯ ಕಂಡಿಯನ್ನು ಹೇಗೋ ತೆಗೆದೆ. ಹಾರೆ ಒಂದೆರಡು ಸಲ ಕಲ್ಲಿಗೂ ಮಿಕ್ಕೆಲ್ಲ ಸಲ ನನ್ನ ಕಾಲ ಬಳಿಗೂ ಬಿತ್ತು. ಹಿತ್ತಲ ಕಡೆ ತಳಪಾಯದ ಪಕ್ಕ ಮಣ್ಣು ಬಿಡಿಸುತ್ತಿದ್ದಾಗ ಹಾರೆ ಕೆಸರಿಗೆ ಇಳಿಯಿತು. ಮಳೆ ನಿಂತು ದಿನಗಳಾಗಿದ್ದವು, ಆದರೂ ಕೆಸರು. ಲಕ್ಷ್ಮೀದೇವಿ ಬಗ್ಗಿ ಮೂಸಿ, "ಇದು ಕೆರೆ ನೀರಲ್ಲ, ಸೀಗೆಕಾಯಿ ವಾಸ್ನೆ" ಎಂದಳು. ನೋಡಿದರೆ ಬಚ್ಚಲಿನ ತೂಬಿನ ಕಲ್ಲು ಸರಿದು, ಮೋರಿಗೆ ಹೋಗಬೇಕಾದ ನೀರು ಸೀದಾ ನೆಲಮಾಳಿಗೆಯ ಗೋಡೆಗೆ ಇಳಿಯುತ್ತಿತ್ತು. ಮನೆಯಲ್ಲಿ ಬಚ್ಚಲಲ್ಲಿ ಅತಿ ಹೆಚ್ಚು ಹೊತ್ತು ಇರುವವನು ನಾನು. ಬಿಸಿನೀರು ಹುಯ್ದುಕೊಳ್ಳುತ್ತ ದೇವರನಾಮ ಹಾಡಿಕೊಳ್ಳುವುದು ನನ್ನ ಅಭ್ಯಾಸ. ಹಂಡೆ ಖಾಲಿಯಾಗುವವರೆಗೆ ಭಕ್ತಿ ನಿಲ್ಲುತ್ತಿರಲಿಲ್ಲ. ಹತ್ತು ವರ್ಷ ನಾನು ಮಿಂದ ನೀರೇ ಮಾವನವರ ಕೋಟಿಗೆ ಅಭಿಷೇಕವಾಗಿತ್ತು. ಬೂಷ್ಟು ನನ್ನೊಂದಿಗೆ ಬಂದದ್ದೆಂದು ಹೆಂಡತಿ ಹೇಳಿದ್ದು ಅಕ್ಷರಶಃ ನಿಜವಾಯಿತು, ಅವಳು ಅದನ್ನು ಬೀದಿಗೆಲ್ಲ ಹೇಳಿಯೂ ಬಂದಳು. ಕೆರೆಯ ಹತ್ತಿರ ಹೋದಾಗ ನನಗೆ ಅದರ ಕಡೆ ತಿರುಗಿ ನೋಡಲು ನಾಚಿಕೆಯಾಗುತ್ತಿತ್ತು.

ತೂಬಿನ ಕಲ್ಲು ಕೂರಿಸಿ ಗಾರೆ ಹಾಕಿಸಿದೆವು. ನೆಲಮಾಳಿಗೆಗೆ ಒಣಹುಲ್ಲು ಹಾಸಿ, ಒಲೆಯ ಬೂದಿಯನ್ನೆಲ್ಲ ಚೆಲ್ಲಿದೆವು. ಬೂದಿ ಒದ್ದೆಯಾದರೆ ಗುಡಿಸಿ ಹೊಸದು ಹಾಕುತ್ತಿದ್ದೆವು. ಎರಡು ಕಂಡಿಗಳ ನಡುವೆ ಗಾಳಿ ಹರಿಯತೊಡಗಿತು. ನಾನು ಮೆಟ್ಟಿಲ ಮೇಲೆ ಕೂತು ಒಂದು ಹುಲ್ಲುಕಡ್ಡಿ ಅಲ್ಲಾಡುವುದನ್ನು ನೋಡುತ್ತಿದ್ದೆ. ಗೋಡೆ ಮೊದಲು ಕೈಗೆ ಅಂಟುತ್ತಿತ್ತು, ಆಮೇಲೆ ತಣ್ಣಗಿತ್ತು, ಕೊನೆಗೆ ಬರಿಯ ಗೋಡೆಯಾಯಿತು. ಬರಿಯ ಗೋಡೆಯನ್ನು ಮುಟ್ಟಿ 'ಆಹಾ' ಎಂದವನು ಊರಲ್ಲಿ ನಾನೊಬ್ಬನೇ ಇರಬೇಕು. ಅಷ್ಟು ದಿನವೂ ಅವ್ವ ಜಗಲಿಯಲ್ಲಿ ಸಾಮಾನುಗಳ ಕಾವಲಿಗೆ ಕೂರುತ್ತಿದ್ದಳು. ಗಾಳಿ ಬಿಸಿಲು ಎರಡೂ ಅವಳಿಗೂ ತಗಲುತ್ತಿತ್ತು. ಹೋಗಿಬರುವವರಿಗೆಲ್ಲ ಜೀನಿನ ಕಥೆ ಹೇಳುತ್ತಿದ್ದಳು. ಒಂದು ಬೆಳಗ್ಗೆ ನಾನು ಎದ್ದು ಬಂದಾಗ ಅವ್ವ ಲಕ್ಷ್ಮೀದೇವಿಗೆ ರಾಗಿ ಬೀಸುವ ಪದ ಹೇಳಿಕೊಡುತ್ತಿದ್ದಳು. ಪದದ ಸಾಲು ಉದ್ದ. ಎಲ್ಲಿ ನಿಲ್ಲುತ್ತದೋ ಎಂದು ನಾನು ಉಸಿರು ಬಿಗಿಹಿಡಿದು ಕೇಳಿದೆ. ಅವ್ವ ಒಂದೇ ಉಸಿರಿಗೆ ಸಾಲು ಮುಗಿಸಿದಳು. ನನಗೆ ಅಳುವಷ್ಟು ಸಂತೋಷವಾಗಿ ಬಚ್ಚಲಿಗೆ ಹೋಗಿ, ನೀರು ಮುಟ್ಟದೆ, ಸುಮ್ಮನೆ ನಿಂತಿದ್ದು ಬಂದೆ.

ಇಷ್ಟು ಉಪಕಾರ ಮಾಡಿದ ಡಾಕ್ಟರಿಗೆ ಕೊಟ್ಟ ಮಾತು ತಪ್ಪಬಾರದಲ್ಲ. ತೊಂದರೆಯೆಂದರೆ ಮನೆಯಲ್ಲಿ ಈಗ ಬೂಷ್ಟೇ ಇರಲಿಲ್ಲ. ಬೇಕೆಂದಾಗ ಯಾವುದು ಸಿಗುತ್ತದೆ? ಹುಡುಕಿ ಹುಡುಕಿ, ನೆಲಮಾಳಿಗೆಯಲ್ಲೇ ಮರೆತುಹೋಗಿದ್ದ ಒಂದು ಹುಣಸೆಹಣ್ಣಿನ ಮಡಕೆಯ ತಳದಲ್ಲಿ ದಟ್ಟವಾಗಿ ಬಲಿತದ್ದು ಸಿಕ್ಕಿತು. ನೀಲಿ, ಬಿಳಿ, ಅಂಚಿಗೆ ಒಂದಿಷ್ಟು ಕೇಸರಿ. ಪೆನಿಸಿಲಿನ್ನಿಗೆ ಇದಕ್ಕಿಂತ ಒಳ್ಳೆಯ ತಳಿ ಎಲ್ಲಿದೆ? ಮರದ ಸೌಟಿನಿಂದ ಹುಷಾರಾಗಿ ಎತ್ತಿ, ಬಾಳೆಲೆಯಲ್ಲಿ ಸುತ್ತಿ, ಹಿತ್ತಾಳೆಯ ಡಬ್ಬಿಯಲ್ಲಿಟ್ಟುಕೊಂಡು, ಪೂಸಣಿ ತರುತ್ತೇನೆಂದು ಮುಂಚೆಯೇ ಹೇಳಿಕಳಿಸಿ, ಡಾಕ್ಟರ ಮನೆಗೆ ಹೋದೆ. ಬಾಗಿಲು ತೆಗೆದವರು ಅವರ ಹೆಂಡತಿ. "ಪೂಸಣಿ ತಂದಿದ್ದೇನಮ್ಮ" ಎಂದೆ. ಆ ತಾಯಿಯ ಮುಖ ಅರಳಿತು. "ಹೆಚ್ಚಿಯೇ ತಂದಿರಾ? ಪಾಪ, ಯಾಕೆ ತೊಂದರೆ ತೆಗೆದುಕೊಂಡಿರಿ? ಕಾಯಿ ರುಬ್ಬಿ ಇಟ್ಟಿದ್ದೇನೆ" ಎಂದು ಡಬ್ಬಿ ಇಸಿದುಕೊಂಡು ಒಳಕ್ಕೆ ಹೋದರು. ಸಂಶೋಧನೆಗೆ ತೆಂಗಿನಕಾಯಿ ಯಾಕೆ ಎಂದು ನಾನು ಯೋಚಿಸುತ್ತಿರುವಾಗಲೇ ಒಳಗೆ ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

ಡಾಕ್ಟರು ಡಬ್ಬಿಯನ್ನು ತೋಳುದ್ದ ದೂರ ಹಿಡಿದುಕೊಂಡು ಹೊರಗೆ ಬಂದರು. "ಏನಿದು?" "ಪೂಸಣಿ ಸ್ವಾಮಿ. ಬಲಿತದ್ದು." "ಇದು ಪೂಸಣಂ." "ಅದೇ, ಅದನ್ನೇ ಆಡುಮಾತಿನಲ್ಲಿ ಹೇಳಿದೆ." ಡಾಕ್ಟರು ಡಬ್ಬಿಯನ್ನು ಜಗಲಿಯ ಮೇಲಿಟ್ಟರು. ಎರಡು ಕೈಯನ್ನೂ ಗಾಳಿಯಲ್ಲಿ ದುಂಡಗೆ ಮಾಡಿ, ಹೊಟ್ಟೆಯ ಮುಂದೆ ಹಿಡಿದು, ಆ ಭಾರಕ್ಕೆ ಒಂದಿಷ್ಟು ಬಗ್ಗಿಯೂ ತೋರಿಸಿ, "ಪೂಸಣಿ" ಎಂದರು. ನಾನು ಆ ಆಕಾರವನ್ನು ನೋಡಿದೆ. ಹಗ್ಗ, ಗಾಳಿ, ಒಣಹುಲ್ಲು, ಮಜ್ಜಿಗೆಹುಳಿ, ದೃಷ್ಟಿ, ಒಡೆದ ಜಾಡಿ ಎಲ್ಲವೂ ಒಂದೊಂದಾಗಿ ಬಂದು ಆ ಕೈಗಳ ನಡುವೆ ಕೂತವು. ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಬಿಟ್ಟಿದ್ದರೂ ಅಲ್ಲಿ ತೇವವಿರುತ್ತಿತ್ತೇನೋ. "ಹಾಗಾದರೆ ನೀವು ಜಗಲಿಯಲ್ಲಿ ತೂಗುಹಾಕಿದ್ದು ಏನನ್ನು?" ಎಂದರು. ಹೇಳಿದೆ. ಒಡೆದದ್ದನ್ನೂ ಹೇಳಿದೆ. ಆ ಮನುಷ್ಯ ಕಂಬ ಹಿಡಿದುಕೊಂಡು ನಕ್ಕರು, ಒಳಗಿನಿಂದ ಅವರ ಹೆಂಡತಿಯ ನಗೆಯೂ ಕೇಳಿಸಿತು. ನಕ್ಕು ಸುಧಾರಿಸಿಕೊಂಡು, "ಅಮ್ಮನವರು ಹೇಗಿದ್ದಾರೆ?" ಎಂದು ಕೇಳಿದರು. ಉಬ್ಬಸ ಇಳಿದಿದೆ, ಪದ ಹೇಳುತ್ತಾರೆ ಎಂದೆ. "ಪೂಸಣಂ ಎಂದಿದ್ದರೆ ಔಷಧ ಬರೆದುಕೊಟ್ಟು ಕಳಿಸುತ್ತಿದ್ದೆ. ಇಷ್ಟೆಲ್ಲ ಹೇಳುತ್ತಿರಲಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಮನೆಗೆ ಬಂದು ಜಗಲಿಯಲ್ಲಿ ಕುಸಿದು ಕೂತೆ. ಅವ್ವ ನನ್ನ ಮುಖ ನೋಡಿದಳು, ಡಬ್ಬಿ ನೋಡಿದಳು, "ಕುಂಬಳಕಾಯಿ ಕೇಳಿದ್ರಾ?" ಎಂದಳು. ನಾನು ಹೌಹಾರಿದೆ. "ಅವ್ವಾ, ನಿಂಗೆ ತಮಿಳು ಬತ್ತದಾ?" "ಅಯ್ಯೋ ಮಂಕೇ, ಅವರೆಕಾಯಿ, ಹುಣಸೆಹಣ್ಣು ಗಾಡಿಗಟ್ಲೆ ಯಾರಿಗ್ಲಾ ಮಾರಿದ್ದು ನಾನು? ಕೊಳ್ಳಾಕೆ ಬತ್ತಿದ್ದೋರೆಲ್ಲ ತಮಿಳ್ನೋರೇ ಅಲ್ವಾ? ನೀನು ಅಲ್ಲಿ ನೆಲಮಾಳಿಗೆ ತುಂಬ ಕುಂಬಳಕಾಯಿ, ಗೋಡೆ ಮ್ಯಾಲೆಲ್ಲ ಹಬ್ಬೈತೆ ಅಂತಿದ್ಯಲ್ಲ, ಉಬ್ಬಸ ಇಲ್ದೋಗಿದ್ರೆ ಅಲ್ಲೇ ಬಿದ್ದು ನಗ್ತಿದ್ದೆ." "ಮತ್ತೆ ಅಲ್ಲೇ ಹೇಳ್ಬಾರ್ದಿತ್ತಾ?" ಅವ್ವ ಎಲೆಗೆ ಸುಣ್ಣ ಹಚ್ಚುತ್ತ, "ಹೇಳಿದ್ರೆ ಅವ್ರು ಇನ್ನೊಂದು ಸೀಸೆ ಬರ್ಕೊಡೋರು. ನೀನು ನಂಗೆ ಅದ ಕುಡಿಸ್ಬುಟ್ಟು ಕಚೇರಿಗೆ ಹೋಗೋನು. ನೆಲಮಾಳಿಗೆ ಹಂಗೇ ಇರದು. ಕುಂಬಳಕಾಯಿಗೆ ಅವಯ್ಯ ಹೇಳಿದ್ದು ಬೂಷ್ಟಿಗೂ ಸರೀಗೇ ಇತ್ತು ಕಣ್ಲಾ, ಅದ್ಕೇ ಸುಮ್ಕಿದ್ದೆ" ಎಂದಳು. ಒಳಗಿನಿಂದ ಲಕ್ಷ್ಮೀದೇವಿ, "ಜಾಡಿ ಒಡೆಯೋ ಮುಂಚೆ ಆದ್ರೂ ಹೇಳ್ಬಾರ್ದಿತ್ತಾ ಅತ್ತೆ?" ಎಂದಳು. "ಅದೊಂದು ನಂಗೂ ಒಟ್ಟೆ ಉರೀತು ಕಣಮ್ಮಿ" ಎಂದು ಅವ್ವ ಒಪ್ಪಿಕೊಂಡಳು.

ದೀಪಾವಳಿ ಕಳೆದು ಅಣ್ಣ ಗಾಡಿ ತಂದ. ಹುಲ್ಲು ಹಾಸಿ, ಕಂಬಳಿ ಹರಡಿ, ಅವ್ವನಿಗೆ ಒರಗಲು ದಿಂಬನ್ನೂ ಇಟ್ಟುಕೊಂಡು ಬಂದಿದ್ದ. ನೆಲಮಾಳಿಗೆ ಒಣಗಿದೆ, ಉಬ್ಬಸ ಹೋಗಿದೆ, ಇನ್ನು ಹೊರಡುವುದೇಕೆ ಎಂದು ನಾನು ಬಾಯಿಬಿಟ್ಟು ಕೇಳಬೇಕೆಂದಿದ್ದೆ. ಮೂವತ್ತು ವರ್ಷ ನೆಂಟನಾಗಿದ್ದವನಿಗೆ ಹಾಗೆ ಕೇಳಲು ನಾಲಗೆ ಏಳಲಿಲ್ಲ. ಮಿಕ್ಕ ಮಾತೆಲ್ಲ ಆಡಿದೆ. ಎತ್ತಿಗೆ ನೀರು ತೋರಿಸಿದ್ರಾ ಎಂದೂ ಕೇಳಿದೆ. ಅವ್ವ ಊಟ ಮುಗಿಸಿ, ಜಗಲಿಗೆ ಬಂದು, ಗಾಡಿಯನ್ನೊಮ್ಮೆ ನೋಡಿ, "ನಾನೀಗ ಬರಾಕಾಗಲ್ಲ ಕಣ್ಲಾ ದೊಡ್ಡೋನೆ" ಎಂದಳು. ಅಣ್ಣ, "ಯಾಕವ್ವಾ, ಮೈ ಸರಿಯಿಲ್ವಾ?" ಎಂದ. "ಮೈಯೇನೋ ಸರ್ಯಾಗೈತೆ. ಈ ಚಿಕ್ಕೋನಿಗೆ ಇನ್ನೂ ಮಾತೇ ಬಂದಿಲ್ಲ. ಎಳೇದ್ರಾಗೆ ಕಳಿಸ್ಬುಟ್ವಲ್ಲ, ಯಾರೂ ಕಲಿಸಿಲ್ಲ ಕಾಣ್ತದೆ. ನಾಕು ಮಾತು ಕಲಿಸ್ಬುಟ್ಟು ಬತ್ತೀನಿ, ನೀನು ನಡಿ" ಎಂದಳು. ಅಣ್ಣ ನನ್ನನ್ನು ಕನಿಕರದಿಂದ ನೋಡಿ, ಬರಿಯ ಗಾಡಿ ಹೊಡೆದುಕೊಂಡು ಹೋದ.

ಅಂದಿನಿಂದ ನನ್ನ ಪಾಠ ನಡೆಯುತ್ತಿದೆ. ಸಂಜೆ ಕಚೇರಿಯಿಂದ ಬಂದು ಕಾಲು ತೊಳೆದು ಜಗಲಿಯಲ್ಲಿ ಕೂರುತ್ತೇನೆ. ಅವ್ವ ಮೊರದಲ್ಲಿ ಕಾಯಿಪಲ್ಲೆ ಹರಡಿಕೊಂಡು, ಒಂದೊಂದನ್ನೇ ಎತ್ತಿ ಹಿಡಿದು ತಮಿಳಿನಲ್ಲಿ ಹೆಸರು ಹೇಳಿಸುತ್ತಾಳೆ. ಅವ್ವ ನನಗೆ ಮೊದಲ ಸಲ ಮಾತು ಕಲಿಸಿದ್ದು ನನಗೆ ನೆನಪಿಲ್ಲ, ಯಾರಿಗೂ ಇರುವುದಿಲ್ಲ. ಎರಡನೆಯ ಸಲ ಕಲಿಯುವ ಭಾಗ್ಯ ಸಿಕ್ಕವನು ನಾನೊಬ್ಬನೇ ಇರಬಹುದು. ಹಾದುಹೋಗುವವರು ನಿಂತು ನೋಡಿ ನಗುತ್ತಾರೆ, ನಗಲಿ. ನನಗಿರುವ ಚಿಂತೆ ಬೇರೆ. ಪಾಠ ಮುಗಿದರೆ ಅಣ್ಣನಿಗೆ ಹೇಳಿಕಳಿಸುತ್ತಾಳೆ, ಗಾಡಿ ಮತ್ತೆ ಬರುತ್ತದೆ. ಮೊನ್ನೆ ಒಂದು ಈರುಳ್ಳಿ ಎತ್ತಿ ಹಿಡಿದು ಇದೇನು ಎಂದಳು. ಅದಕ್ಕೆ ವೆಂಗಾಯಂ ಎನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ತಲೆ ಕೆರೆದುಕೊಂಡೆ, ಆಕಾಶ ನೋಡಿದೆ, ಆಮೇಲೆ ಬೆಳ್ಳುಳ್ಳಿಯ ಹೆಸರು ಹೇಳಿದೆ. ಅವ್ವ ಹಣೆ ಚಚ್ಚಿಕೊಂಡು, "ಇವನ್ದು ಬೇಗ ಮುಗ್ಯೋ ಕೆಲ್ಸ ಅಲ್ಲ ಕಣಮ್ಮಿ" ಎಂದು ಸೊಸೆಗೆ ಕೂಗಿ ಹೇಳಿದಳು. ನನ್ನ ದಡ್ಡತನದ ಮೇಲೆ ನನಗೆ ಇಷ್ಟು ಭರವಸೆ ಹಿಂದೆಂದೂ ಹುಟ್ಟಿರಲಿಲ್ಲ.